ಗುರುತಿಲ್ಲದ ತೋಳು

ಒಳ್ಳೆಯವರ ಬಗ್ಗೆ ಬರೆಯುವುದು ಸುಲಭ ಎಂದು ಇಷ್ಟು ದಿನ ತಿಳಿದಿದ್ದೆ. ನಮ್ಮ ಸ್ವಾಮಿಗಳ ಬಗ್ಗೆ ಬರೆಯಲು ಕೂತು ಎಷ್ಟೋ ಸಲ ಹಾಗೇ ಎದ್ದು ಹೋಗಿದ್ದೇನೆ. ಬರೀ ಹೊಗಳಿದರೆ ಅವರೇ ಒಪ್ಪುತ್ತಿರಲಿಲ್ಲ. ಬೈಯೋಣವೆಂದರೆ ನನಗೆ ಬಾಯಿ ಬರುವುದಿಲ್ಲ, ಬೈಯುವ ಯೋಗ್ಯತೆಯೂ ಇಲ್ಲ.

ಅವರು ತೀರಿಕೊಂಡ ವಿಷಯ ತಿಳಿದದ್ದು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ. ಅವರ ಬೀದಿಯವನೊಬ್ಬ ಬೀಡಿ ಹಚ್ಚುತ್ತಾ, "ನಿಮ್ಮ ಸ್ವಾಮಿಗೋಳು ಓಗ್ಬುಟ್ರಲ್ಲ ಸಾ, ನಿಮ್ಗೆ ಯಾರೂ ಏಳ್ನಿಲ್ವಾ?" ಎಂದ. ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಅವರ ಮುಖವಲ್ಲ, ಒಂದು ಕೆಂಪು ಕೋಳಿ. ಅದರ ಕಥೆ ಕೊನೆಗೆ ಬರುತ್ತದೆ. ಅದನ್ನು ಹೇಳದೆ ಅವರನ್ನು ಹೇಳಿದಂತಾಗುವುದಿಲ್ಲ.

'ಸ್ವಾಮಿಗಳು' ಎನ್ನುವುದು ಆಫೀಸಿನಲ್ಲಿ ನಾವು ಇಟ್ಟ ಹೆಸರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ, ಮೊಣಕಾಲು ಮುಟ್ಟುವ ಮಾಸಲು ಕೋಟು, ಕೈಯಲ್ಲಿ ಕೊಡೆ. ಕೆಲಸ ಮಾತ್ರ ಮಠದ್ದಲ್ಲ. ಅವರೂ ನಾನೂ ವ್ಯಾಕ್ಸಿನೇಟರುಗಳು. ಸಿಡುಬು ಒಂದು ಊರಿಗೆ ಬಂದರೆ ಮನೆಮನೆಯಲ್ಲೂ ಹೆಣ ಎತ್ತಿಸಿ ಹೋಗುತ್ತಿದ್ದ ಕಾಲ ಅದು. ಅದು ಬಾರದಂತೆ ಊರೂರು ಅಲೆದು ಮಕ್ಕಳ ತೋಳಿಗೆ ಮದ್ದು ಹಾಕುವುದು ನಮ್ಮ ಕೆಲಸ. ಹಳ್ಳಿಯವರು ಅದಕ್ಕೆ ದಾಕು ಹಾಕುವುದು ಎನ್ನುತ್ತಿದ್ದರು. ಎಡತೋಳಿನ ಮೇಲೆ ಒಂದು ತೊಟ್ಟು ಮದ್ದಿಟ್ಟು, ಸಣ್ಣ ಹಲ್ಲುಗಳಿದ್ದ ಒಂದು ಬಿಲ್ಲೆಯನ್ನು ಅದರ ಮೇಲೆ ಒತ್ತಿ ತಿರುಗಿಸಿದರೆ ಚರ್ಮ ಕೆರೆದು ಮದ್ದು ಒಳಗಿಳಿಯುತ್ತಿತ್ತು. ಆಮೇಲೆ ಜ್ವರ ಬಂದು, ಹುಣ್ಣಾಗಿ ಒಣಗಿ, ಕಾಸಿನಗಲದ ಗುರುತು ಉಳಿಯುತ್ತಿತ್ತು. ಆ ಗುರುತು ಸಾಯುವ ತನಕ ಅಳಿಸುವುದಿಲ್ಲ. ದಾಕು ಹಾಕಿದೆಯೋ ಇಲ್ಲವೋ ಎನ್ನುವುದಕ್ಕೆ ಯಾವ ಕಾಗದವೂ ಬೇಕಿರಲಿಲ್ಲ, ತೋಳು ಎತ್ತಿ ನೋಡಿದರೆ ಸಾಕಿತ್ತು.

ಅರಕಲಗೂಡಿನ ಕಡೆಯ ಹಳ್ಳಿಗಳು ಅವರವು, ಹೊಳೆನರಸೀಪುರದ ಕಡೆಯವು ನನ್ನವು. ತಿಂಗಳಿಗೊಮ್ಮೆ ಹಾಸನದ ಆಫೀಸಿನಲ್ಲಿ ಎಲ್ಲರೂ ಸೇರುತ್ತಿದ್ದೆವು. ಮೀಟಿಂಗು ಮುಗಿದ ಮೇಲೆ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವಾಗ ಸ್ವಾಮಿಗಳನ್ನು ರೇಗಿಸುವುದೇ ನಮ್ಮ ಮನರಂಜನೆ.

ರೇಗಿಸಲು ವಿಷಯಕ್ಕೆ ಬರವಿರಲಿಲ್ಲ. ಬಿಸಿಲಿನಲ್ಲಿ ನಡೆಯುವಾಗ ಅವರು ಕೊಡೆಯನ್ನು ತಮ್ಮ ತಲೆಗೆ ಹಿಡಿಯುತ್ತಿರಲಿಲ್ಲ, ಒದ್ದೆ ಬಟ್ಟೆ ಸುತ್ತಿದ ಮದ್ದಿನ ಡಬ್ಬಿಗೆ ಹಿಡಿಯುತ್ತಿದ್ದರು. ಎಂಥ ಗುಡಿಸಲಾದರೂ ಹೊಸಿಲಿನಾಚೆ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದರು. ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, "ಏನಪ್ಪಾ, ಕೈ ಕೊಡ್ತೀಯಾ?" ಎಂದು ಕೇಳುತ್ತಿದ್ದರು. ಮಗು ಕೊಡುವುದಿಲ್ಲ ಎಂದರೆ ಜಗುಲಿಯ ಮೇಲೆ ಕೂತು ನರಿ ಕಥೆ, ಕಾಗೆ ಕಥೆ ಶುರು. ಒಬ್ಬ ಹಟಮಾರಿ ಹುಡುಗಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕಥೆ ಹೇಳಿದ ಮೇಲೆ ಅವಳೇ ತೋಳು ಚಾಚಿದಳಂತೆ. ಅದನ್ನು ಅವರು ಪದಕ ಬಂದವರ ಹಾಗೆ ಹೇಳಿಕೊಂಡಿದ್ದರು.

ಯಾರ ಮನೆಯಲ್ಲೂ ನೀರು ಸಹ ಮುಟ್ಟುತ್ತಿರಲಿಲ್ಲ. ಇದು ಮಡಿಯಲ್ಲ. "ಸರ್ಕಾರದ ಕೆಲಸಕ್ಕೆ ಅಂತ ಹೋದೋನು ಅಡಿಕೆ ಹೋಳೂ ಮುಟ್ಟಬಾರ್ದು ಕಣ್ರೀ. ಇವತ್ತು ಅಡಿಕೆ, ನಾಳೆ ತೋಟ" ಎನ್ನುತ್ತಿದ್ದರು. ಮನೆಯಿಂದ ತಂದ ಅವಲಕ್ಕಿ ಗಂಟು ಬಿಚ್ಚಿ ಊರ ಹೊರಗಿನ ಹೊಂಗೆ ಮರದ ಕೆಳಗೆ ತಿಂದು, ಕೆರೆಯ ನೀರು ಕುಡಿದು ಮುಂದಿನ ಊರಿಗೆ ನಡೆಯುತ್ತಿದ್ದರು.

ನನ್ನ ಸಂಗತಿ ಬೇರೆ. ನಾನು ಊರಿಗೆ ಬಂದೆನೆಂದರೆ ಮಕ್ಕಳು ರಾಗಿ ತುಂಬುವ ವಾಡೆಯೊಳಗೆ, ಹುಲ್ಲಿನ ಮೆದೆಯ ಹಿಂದೆ ಮಾಯ. ತಳವಾರನನ್ನು ಜೊತೆಗಿಟ್ಟುಕೊಂಡು ಒಬ್ಬೊಬ್ಬರನ್ನೇ ಎಳೆದು ತಂದು, ಅಮಲ್ದಾರರ ಹೆಸರು ಹೇಳಿ ಹೆದರಿಸಿ, ತೊಡೆಯ ಕೆಳಗೆ ಅದುಮಿಕೊಂಡು ಹಾಕುತ್ತಿದ್ದೆ. ಹೊರಡುವಾಗ ಗೌಡರ ಮನೆಯಿಂದ ಒಂದು ಕೋಳಿ, ಆಲೆಮನೆಯಿಂದ ಒಂದಿಷ್ಟು ಬೆಲ್ಲ. ಸೈಕಲ್ಲಿನ ಹಿಂದೆ ಕೋಳಿ ಕೂಗದಿದ್ದರೆ ಅವತ್ತು ನಾನು ಕೆಲಸಕ್ಕೇ ಹೋಗಿಲ್ಲ ಎಂದು ನನ್ನ ಹೆಂಡತಿ ತಿಳಿಯುತ್ತಿದ್ದಳು.

"ಅಳೋ ಮಗೂನ ಅದುಮಿಟ್ಟುಕೊಂಡು ಮಾಡೋ ಉಪಕಾರ ಯಾವ ಉಪಕಾರ ಕಣ್ರೀ?" ಎಂದು ಒಮ್ಮೆ ಹೋಟೆಲಿನಲ್ಲಿ ಕೇಳಿದರು.

"ನಿಮಗೆ ಕೋಳಿ ಆಗಲ್ಲ, ಅದಕ್ಕೇ ಈ ಮಾತು ಸ್ವಾಮಿ" ಎಂದೆ. ಎಲ್ಲರೂ ನಕ್ಕರು. ಅವರೂ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಕ್ಕರು. ಅವರು ನಗುತ್ತಿದ್ದುದೇ ಹಾಗೆ, ನಗುವುದು ಕೂಡ ಯಾರಿಂದಲೋ ತೆಗೆದುಕೊಂಡ ಹಾಗಾದೀತು ಎನ್ನುವಂತೆ.

ನಮ್ಮ ಮೇಲೊಬ್ಬ ಇನ್ಸ್‌ಪೆಕ್ಟರಿದ್ದರು. ನಾವು ಮಾಡಿದ ಕೆಲಸವನ್ನು ಹಳ್ಳಿಗೆ ಹೋಗಿ ಮಕ್ಕಳ ತೋಳು ಎತ್ತಿಸಿ ನೋಡುವುದು ಅವರ ಕೆಲಸ. ನಾಟಿಕೋಳಿ ಸಾರು ಎಂದರೆ ಅವರಿಗೆ ಪ್ರಾಣ. ಹೀಗಾಗಿ ಅವರ ಸವಾರಿ ಯಾವಾಗಲೂ ನನ್ನ ಹಳ್ಳಿಗಳಿಗೆ. ಉಂಡ ಮೇಲೆ ಸುಮ್ಮನೆ ಹೋಗಲು ನಾಚಿಕೆಯೋ ಏನೋ, ಬೀದಿಯಲ್ಲಿ ಸಿಕ್ಕಿದ ಮಕ್ಕಳದೆಲ್ಲ ತೋಳು ಎತ್ತಿಸುತ್ತಿದ್ದರು. ಒಂದು ತೋಳು ಬರಿದಾಗಿ ಕಂಡರೆ ನನ್ನ ಗತಿ ಮುಗಿಯಿತು. ಆ ಹೆದರಿಕೆಗೆ ನಾನು ಒಂದು ಕೂಸನ್ನೂ ಬಿಡುತ್ತಿರಲಿಲ್ಲ.

ಅರಕಲಗೂಡಿನ ಕಡೆಗೂ ಒಮ್ಮೆ ಹೋಗಿ ಬನ್ನಿ ಎಂದು ಯಾರೋ ಅಂದಾಗ ಇನ್ಸ್‌ಪೆಕ್ಟರು, "ಅಲ್ಲೇನ್ರೀ ಇದೆ ನೋಡೋಕೆ? ಆತ ಅಪರಂಜಿ. ಹೋದ್ರೆ ಅವಲಕ್ಕಿ ಕೊಡ್ತಾನೆ" ಎಂದರು. ಆ ಮಾತಿಗೂ ನಾವು ನಕ್ಕೆವು. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಮಲ್ಲಿಪಟ್ಟಣದಿಂದ ಮುಂದೆ ಒಂದು ಹರದಾರಿ ನಡೆದರೆ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು. ಅವರು ಹೋದಾಗ ಊರಲ್ಲಿ ಸಾರು ಹಾಕಿದ್ದರು. ಅಂದರೆ ಮಾರಮ್ಮನ ಪೂಜೆ ಗೊತ್ತುಮಾಡಿ ತಮಟೆ ಹೊಡೆಸಿದ್ದರು. ಹಾಗೆ ಸಾರಿದ ಮೇಲೆ ಪೂಜೆ ಮುಗಿಯುವವರೆಗೆ ಒಲೆಯ ಮೇಲೆ ಒಗ್ಗರಣೆಯಿಲ್ಲ, ಊರವರು ಬೇರೆ ಊರಲ್ಲಿ ಮಲಗುವಂತಿಲ್ಲ, ಯಾರ ಮೈಗೂ ಕಬ್ಬಿಣ ತಾಕುವಂತಿಲ್ಲ. ಇವರು ಒಪ್ಪಿ, ಮತ್ತೆ ಬರುತ್ತೇನೆ ಎಂದು ಬಂದರು. ನನ್ನಂಥವನೂ ಅಷ್ಟು ಒಪ್ಪುತ್ತಿದ್ದ.

ಮತ್ತೆ ಹೋದಾಗ ಒಬ್ಬ ಚಿಕ್ಕ ವಯಸ್ಸಿನ ತಾಯಿ ಕಾಲು ಹಿಡಿದಳು. ಅವಳ ಮೊದಲ ಮಗ ತವರಿನಲ್ಲಿ ಯಾರೋ ದಾಕು ಹಾಕಿ ಹೋದ ಮೇಲೆ ಜ್ವರ ಬಂದು ಸತ್ತಿದ್ದ. ಆ ಜ್ವರ ಯಾತರದ್ದೋ, ಅವಳ ಮನಸ್ಸಿನಲ್ಲಿ ಮಾತ್ರ ಅದು ದಾಕಿನದು. ಈಗ ಉಳಿದಿರುವುದು ಒಂದು ಹೆಣ್ಣು ಕೂಸು, ಅದನ್ನು ಮುಟ್ಟಬೇಡಿ ಎಂದು ಅತ್ತಳು. ಅವಳನ್ನು ನೋಡಿ ಕೇರಿಯವರೆಲ್ಲ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಒಪ್ಪಲಿಲ್ಲ ಎಂದು ಆಫೀಸಿಗೆ ತಿಳಿಸಿದರೆ ಜವಾನರು ಬಂದು ಜುಲ್ಮಾನೆ ಹಾಕಿ ಪಾತ್ರೆ ಪಗಡೆ ಎತ್ತಿಕೊಂಡು ಹೋಗುವ ಕಾಲ. ಸ್ವಾಮಿಗಳು ತಮ್ಮ ಪುಸ್ತಕದಲ್ಲಿ ಎಲ್ಲ ಮಕ್ಕಳ ಹೆಸರಿನ ಮುಂದೆಯೂ 'ಆಯಿತು' ಎಂದು ಬರೆದು, ಚಪ್ಪಲಿ ಮೆಟ್ಟಿ ಹೊರಟುಬಂದರು. ಮರುವರ್ಷವೂ ಹಾಗೇ ಮಾಡಿದರು.

"ಯಾರ ಹತ್ರಾನೂ ಏನೂ ತಗೊಳ್ಲಿಲ್ಲ ಕಣ್ರೀ" ಎಂದರು ನನಗೆ ಇದನ್ನು ಹೇಳುವಾಗ. "ಏನಾದ್ರೂ ತಗೊಂಡಿದ್ರೆ ಇದು ತಪ್ಪು ಅಂತ ಅವತ್ತೇ ಗೊತ್ತಾಗ್ತಿತ್ತು. ಏನೂ ತಗೊಳ್ಲಿಲ್ವಲ್ಲ, ಹಾಗಾಗಿ ಒಳ್ಳೇದು ಮಾಡಿದೆ ಅಂದ್ಕೊಂಡು ಹೊಂಗೆ ಮರದ ಕೆಳಗೆ ನೆಮ್ಮದಿಯಾಗಿ ಅವಲಕ್ಕಿ ತಿಂದೆ."

ಮುಂದಿನ ಬೇಸಿಗೆಯಲ್ಲಿ ಆ ಊರಿಗೆ ಸಿಡುಬು ಬಂತು. ಸುತ್ತಿನ ವ್ಯಾಕ್ಸಿನೇಟರುಗಳೆಲ್ಲ ಅಲ್ಲಿಗೆ ಓಡಿದೆವು. ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು. ಇನ್ಸ್‌ಪೆಕ್ಟರು ಜಗುಲಿಯಲ್ಲಿ ನಿಂತಿದ್ದ ಒಬ್ಬ ಪುಟ್ಟ ಹುಡುಗನ ತೋಳು ಎತ್ತಿ ನೋಡಿದರು. ಆ ತೋಳು ತೊಳೆದಿಟ್ಟ ಹಾಗೆ ನುಣ್ಣಗಿತ್ತು. ಪಕ್ಕದವನದೂ ಹಾಗೇ. ಅವನ ತಂಗಿಯದೂ ಹಾಗೇ. ಇನ್ಸ್‌ಪೆಕ್ಟರು ತಿರುಗಿ ಸ್ವಾಮಿಗಳ ಮುಖ ನೋಡಿ, "ಏನ್ರೀ ಇದು?" ಎಂದರು. ಅವರು ಮಡಿಸಿದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಆಗ ಆ ತಾಯಿ ಬಾಗಿಲಿಗೆ ಬಂದಳು. ಒಳಗೆ ಬಾಳೆ ಎಲೆಯ ಮೇಲೆ ಅವಳ ಮಗಳು ಮಲಗಿದ್ದಳು, ಗುರುತು ಸಿಗದ ಹಾಗೆ. ತಾಯಿ ಸ್ವಾಮಿಗಳಿಗೆ ಕೈ ಮುಗಿದು, "ಬಂದ್ರಾ ಸಾ? ಅಮ್ಮ ಬಂದವ್ಳೆ. ನೀವು ಒಳ್ಳೇವ್ರು, ನಮ್ ಮಾತು ಕೇಳಿದ್ರಿ. ಆ ಒಳೆನರಸೀಪುರದ ಕಡೆಯೋನಾಗಿದ್ರೆ ಕೂಸ್ನ ಎಳ್ಕಂಡೋಗಿ ಕುಯ್ದಾಕಿರೋನು" ಎಂದಳು. ಹೊಳೆನರಸೀಪುರದ ಕಡೆಯವನು ಅವಳ ಎದುರಿಗೇ ನಿಂತಿದ್ದ. ನನಗೆ ಸಿಟ್ಟು ಬರಲಿಲ್ಲ. ಸ್ವಾಮಿಗಳ ಮುಖ ನೋಡಲಾಗದೆ ನಾನು ಮದ್ದಿನ ಡಬ್ಬಿ ಬಿಚ್ಚತೊಡಗಿದೆ. ಆ ಮಗು ಆ ವಾರ ದಾಟಲಿಲ್ಲ.

ವಿಚಾರಣೆ ಬಂತು. ಇನ್ಸ್‌ಪೆಕ್ಟರಿಗೆ ತಮ್ಮ ಕುರ್ಚಿಯ ಚಿಂತೆ, ಆ ಊರಿಗೆ ಅವರು ಒಂದು ದಿನವೂ ಕಾಲಿಟ್ಟಿರಲಿಲ್ಲವಲ್ಲ. ದಾಕು ಹಾಕಿದ್ದು ನಿಜ, ಆದರೆ ಮದ್ದು ಬಿಸಿಲಿಗೆ ಕೆಟ್ಟಿದ್ದರಿಂದ ಹತ್ತಲಿಲ್ಲ ಎಂದು ವರದಿ ಬರೆದರು. ಯಾರಿಗೂ ನೋವಿಲ್ಲದ ಉಪಾಯ. ಸ್ವಾಮಿಗಳು ಸುಮ್ಮನಿದ್ದರೆ ಸಾಕಿತ್ತು.

ಹಾಸನದ ಆಫೀಸಿನಲ್ಲಿ ದೊಡ್ಡ ಸಾಹೇಬರ ಎದುರು ನಾವೆಲ್ಲ ಸಾಲಾಗಿ ಕೂತಿದ್ದೆವು. ವರದಿ ಓದಿ ಮುಗಿದ ಮೇಲೆ ಸ್ವಾಮಿಗಳು ಎದ್ದು ನಿಂತು, "ಮದ್ದು ಚೆನ್ನಾಗಿತ್ತು ಸಾರ್. ನಾನು ಹಾಕಲೇ ಇಲ್ಲ" ಎಂದರು.

ಸಾಹೇಬರು ಇನ್ಸ್‌ಪೆಕ್ಟರ ಮುಖ ನೋಡಿದರು. "ಆ ಊರಿನ ಸಾವು ನೋಡಿ ಇವರಿಗೆ ಮನಸ್ಸು ಸರಿ ಇಲ್ಲ ಸಾರ್. ಇಂಥವರು ತಪ್ಪು ಮಾಡೋರಲ್ಲ, ಯಾರನ್ನಾದ್ರೂ ಕೇಳಿ" ಎಂದರು ಇನ್ಸ್‌ಪೆಕ್ಟರು. ಸಾಹೇಬರು ನಮ್ಮ ಕಡೆ ತಿರುಗಿದರು. ನಾವೆಲ್ಲ ಆ ಬರಿ ತೋಳುಗಳನ್ನು ಕಣ್ಣಾರೆ ಕಂಡವರು. ಒಬ್ಬರೂ ಬಾಯಿ ಬಿಡಲಿಲ್ಲ. "ಕೂತ್ಕೊಳ್ಳಿ ಸ್ವಾಮಿ" ಎಂದರು ಸಾಹೇಬರು, ಮರ್ಯಾದೆಯಿಂದಲೇ. ಇಪ್ಪತ್ತು ವರ್ಷ ಅವರು ಒಂದು ಅಡಿಕೆ ಹೋಳು ಮುಟ್ಟದೆ ಗಳಿಸಿದ ಹೆಸರು ಅವತ್ತು ಅವರ ಸತ್ಯವನ್ನೇ ನುಂಗಿ ನೀರು ಕುಡಿಯಿತು.

ಅವರಿಗೆ ಅಮಾನತ್ತಾಗಲಿಲ್ಲ, ಕೆಲಸದಿಂದ ವಜಾ ಮಾಡುವುದಂತೂ ದೂರದ ಮಾತು. ಸ್ವಲ್ಪ ಕಾಲ ಜೊತೆಯಲ್ಲಿರಲಿ ಎಂದು ನನ್ನ ಹಳ್ಳಿಗಳಿಗೆ ಕಳಿಸಿದರು. ಮೊದಲ ದಿನ ಹೊಳೆನರಸೀಪುರದಲ್ಲಿ ಬಸ್ಸಿಳಿದವರು, "ಕೇಳಿದ್ರೂ ಶಿಕ್ಷೆ ಕೊಡೋರಿಲ್ಲ ಅಂದ್ರೆ ಹೆಂಗ್ರೀ ಬದುಕೋದು?" ಎಂದರು. ನಾನು ಅವರ ಅವಲಕ್ಕಿ ಗಂಟು ತೆಗೆದು ಸೈಕಲ್ಲಿಗೆ ಕಟ್ಟಿದೆ.

ಅಲ್ಲಿಂದಾಚೆ ಮಕ್ಕಳನ್ನು ಹಿಡಿಯುವುದು ಅವರ ಕೆಲಸವಾಯಿತು. ತಾವಾಗಿಯೇ ಬೇಡಿ ತೆಗೆದುಕೊಂಡದ್ದು. ಕಥೆ ಹೇಳುವುದನ್ನು ನಿಲ್ಲಿಸಿಬಿಟ್ಟರು. ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ, ಕೂಗುವ ಮಗುವನ್ನು ಎದೆಗೆ ಬಿಗಿಯಾಗಿ ಹಿಡಿದು ತೋಳು ನನ್ನ ಕಡೆ ಚಾಚುತ್ತಿದ್ದರು. ಮಗು ಕಚ್ಚಿದರೂ ಕೈ ಸಡಿಲಿಸುತ್ತಿರಲಿಲ್ಲ. ಮುಗಿದ ಮೇಲೆ ಕೆರೆದ ಜಾಗಕ್ಕೆ ಬಾಯಿಂದ ಗಾಳಿ ಊದುತ್ತಿದ್ದರು. ಬಸ್ಸಿನಲ್ಲಾಗಲಿ, ಮದುವೆ ಮನೆಯಲ್ಲಾಗಲಿ ಯಾವ ಮಗು ಕಂಡರೂ ಮೊದಲು ಅದರ ಎಡತೋಳು ಎತ್ತಿ ನೋಡುವ ಅಭ್ಯಾಸವಾಯಿತು. ಹಾಸಿಗೆ ಹಿಡಿದ ಮೇಲೂ ಅದು ಹೋಗಲಿಲ್ಲವೆಂದು ಮೊನ್ನೆ ಅವರ ಮನೆಯವರು ಹೇಳಿ ಅತ್ತರು.

ನನ್ನ ಕೋಳಿಯ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ದಿನ ನಡೆಯುತ್ತಾ, "ನಿಮಗೆ ಮಕ್ಕಳ ಮೇಲೆ ಅಕ್ಕರೆ ಇದೆ ಕಣ್ರೀ, ಅದಕ್ಕೇ ಒಂದನ್ನೂ ಬಿಡೋದಿಲ್ಲ. ನನಗೆ ಇದ್ದಿದ್ದು ನನ್ನ ಮೇಲೆ ಅಕ್ಕರೆ" ಎಂದರು. ನನಗಿದ್ದದ್ದು ಇನ್ಸ್‌ಪೆಕ್ಟರ ಭಯ ಎಂದು ಹೇಳಬೇಕೆನಿಸಿತು. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಸಿಡುಬನ್ನು ದೇಶದಿಂದಲೇ ಅಳಿಸಬೇಕು ಎಂದು ಮೇಲಿನಿಂದ ಆಜ್ಞೆ ಬಂದ ಮೇಲೆ ಎಲ್ಲ ಹಳ್ಳಿಗಳನ್ನೂ ಹೊಸದಾಗಿ ಸುತ್ತಬೇಕಾಯಿತು. ಆ ಹಳ್ಳಿ ನಮ್ಮಿಬ್ಬರ ಪಾಲಿಗೇ ಬಂತು. "ಬೇಕಾದ್ರೆ ನಾನೊಬ್ಬನೇ ಹೋಗಿ ಬರ್ತೀನಿ ಸ್ವಾಮಿ" ಎಂದೆ. ಅವರು ಆಗಲೇ ಕೊಡೆ ತೆಗೆದುಕೊಂಡಿದ್ದರು.

ಆ ತಾಯಿ ಮನೆಯ ಮುಂದೆಯೇ ಇದ್ದಳು, ಸೊಂಟದ ಮೇಲೆ ಒಂದು ಗಂಡು ಕೂಸು. ಸ್ವಾಮಿಗಳನ್ನು ಕಂಡು ಅವಳ ಮುಖ ಅರಳಿತು.

"ಬನ್ನಿ ಸಾ. ಇವ್ನಿಗೆ ಆಕಿಸ್ಬೇಕು ಅಂತ ಎಲ್ರೂ ಅಂತಾವ್ರೆ. ನೀವ್ ಏನಂತೀರ? ನೀವು ಬ್ಯಾಡ ಅಂದ್ರೆ ನಾನು ಯಾರ್ ಬಂದ್ರೂ ಕೊಡಾಕಿಲ್ಲ."

ಅವರು ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತರು. ಹಾಕಿಸು ಎಂದರೆ ಮುಗಿದಿತ್ತು. ಅಷ್ಟೇ ಹೇಳಲಿ, ಮುಂದಕ್ಕೆ ಹೋಗದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹಾಕಿಸ್ಬೇಕು ಕಣವ್ವ" ಎಂದರು. "ಅವತ್ತೂ ಹಾಕ್ಬೇಕಿತ್ತು. ನಾನು ಹಾಕದೆ ಹೋದೆ."

"ನಾನೇ ಅಲ್ವಾ ಸಾ ನಿಮ್ ಕಾಲ್ ಇಡ್ಕಂಡಿದ್ದು?"

"ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

ಅವಳು ಕೂಸನ್ನು ಸೊಂಟದಿಂದ ಎದೆಗೆ ಎತ್ತಿಕೊಂಡಳು. "ಅವತ್ತು ಆಕಿದ್ರೆ ನನ್ ಮಗ ಉಳೀತಿತ್ತಾ?" ಮಗಳನ್ನು ಆ ಕಡೆ ಪ್ರೀತಿಗೆ ಮಗ ಎಂದೇ ಕರೆಯುತ್ತಾರೆ.

"ಉಳೀತಿತ್ತು."

ಅವಳು ಕೂಗಲಿಲ್ಲ, ಶಾಪ ಹಾಕಲಿಲ್ಲ. ಅವರನ್ನು ಬಳಸಿಕೊಂಡು ನನ್ನ ಹತ್ತಿರ ಬಂದು, "ತಗಳಿ ಸಾ, ನೀವ್ ಆಕಿ" ಎಂದಳು. ಸ್ವಾಮಿಗಳು ಅಭ್ಯಾಸಬಲದಿಂದ ಕೂಸಿನ ಕೈ ಹಿಡಿಯಲು ಮುಂದೆ ಬಂದರು. ಅವಳು ಅವರಿಗೆ ಬೆನ್ನು ಮಾಡಿ, "ನಾನೇ ಇಡ್ಕತೀನಿ" ಎಂದಳು. ಅವರ ಚಾಚಿದ ಕೈ ಹಾಗೇ ಉಳಿಯಿತು.

ದಾಕು ಹಾಕಿ ಮುಗಿಸಿದೆ. ಅವಳು ಮಂಕರಿ ಎತ್ತಿ ಒಂದು ಕೆಂಪು ಕೋಳಿಯನ್ನು ಹಿಡಿದು ತಂದು ನನ್ನ ಮುಂದೆ ಚಾಚಿದಳು. ಜೀವಮಾನದಲ್ಲಿ ಮೊದಲ ಸಲ ನಾನು, "ಬೇಡ ಕಣವ್ವ" ಎಂದೆ.

"ತಗಳಿ. ಏನೂ ತಗಳ್ದೆ ಒಂಟೋದೋರ್ನ ನಂಬಿ ಕೆಟ್ಟೆ" ಎಂದಳು.

ನನ್ನ ಕೈ ಮುಂದೆ ಹೋಗಲಿಲ್ಲ. ಸ್ವಾಮಿಗಳು ಬಂದು ಆ ಕೋಳಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಹುಟ್ಟಿದಂದಿನಿಂದ ಕೋಳಿ ಮುಟ್ಟಿದವರಲ್ಲ, ಹಿಡಿಯುವ ಬಗೆಯೂ ಗೊತ್ತಿಲ್ಲ. ಮಗುವನ್ನು ಹಿಡಿಯುವ ಹಾಗೆ ಎದೆಗವಚಿಕೊಂಡು ನಡೆದರು. ಅದು ರೆಕ್ಕೆ ಬಡಿದು ಕೋಟಿನ ಮೇಲೆಲ್ಲ ಹೇತಿತು. ಕರಡಿಗೆಯ ದಾರಕ್ಕೆ ಅದರ ಉಗುರು ಸಿಕ್ಕಿಕೊಂಡಿತು. "ಕೊಡಿ ಸ್ವಾಮಿ, ನಾನು ಹಿಡ್ಕೋತೀನಿ" ಎಂದು ದಾರಿಯುದ್ದಕ್ಕೂ ಕೇಳಿದೆ. "ಇಷ್ಟಾದ್ರೂ ನಾನು ಹೊರ್ತೀನಿ ಬಿಡ್ರಿ" ಎಂದರು.

ಆವತ್ತಿನಿಂದ ಕೋಳಿ ತೆಗೆದುಕೊಳ್ಳುವುದನ್ನು ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ.

ಮಲ್ಲಿಪಟ್ಟಣದಲ್ಲಿ ಬಸ್ಸು ಹತ್ತಿದಾಗ ಜನ ತುಂಬಿದ್ದರು. ವಿಭೂತಿಯನ್ನೂ ಕೋಳಿಯನ್ನೂ ಒಟ್ಟಿಗೆ ನೋಡಿ ಒಂದಿಬ್ಬರು ಕಿಸಕ್ಕೆಂದರು. ಕಂಡಕ್ಟರು ಟಿಕೆಟು ಹರಿಯುತ್ತಾ ಬಂದು, "ಇದ್ಯಾರ್ದು ಸ್ವಾಮಿ ಕೋಳಿ?" ಎಂದು ಕೇಳಿದ. ಎಲ್ಲರೂ ನಮ್ಮ ಕಡೆ ತಿರುಗಿದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

"ನಂದೇ ಕಣಪ್ಪ" ಎಂದರು ಅವರು.